ಮನೆಮಂದಿಯ ಜೊತೆ ಮುಂಬೈ ಮ್ಯೂಸಿಯಂ ನೋಡುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಮೇ ರಜೆ, ದೀಪಾವಳಿ ರಜೆ ಬಂತೆಂದರೆ ಡೊಂಬಿವಲಿ, ಮೀರಾ ರೋಡ್, ನೆರೂಲ್ ಕಡೆಯ ಕನ್ನಡದ ಮನೆಗಳಿಗೆ ಊರಿನಿಂದ ನೆಂಟರು ಬರುತ್ತಾರೆ. ಬಂದವರಿಗೆ ಮುಂಬೈ ತೋರಿಸಬೇಕು. ತೋರಿಸುವ ಜಾಗಗಳ ಪಟ್ಟಿ ಎಲ್ಲರಿಗೂ ಬಾಯಿಪಾಠ: ಗೇಟ್‌ವೇ, ಮರೀನ್ ಡ್ರೈವ್, ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಜುಹೂ ಚೌಪಾಟಿ. ಮ್ಯೂಸಿಯಂ ಕೂಡ ಆ ಪಟ್ಟಿಯಲ್ಲಿ ಇರುತ್ತದೆ. ಆದರೆ ಅದರ ಸರದಿ ಬರುವುದು ಗೇಟ್‌ವೇ ಸುತ್ತಿ ಎಲ್ಲರ ಕಾಲು ಸೋತ ಮೇಲೆ, ಸಂಜೆ ನಾಲ್ಕಕ್ಕೆ. "ಹೇಗೂ ಪಕ್ಕದಲ್ಲೇ ಇದೆ, ಒಂದು ರೌಂಡ್ ಹಾಕಿ ಬಂದುಬಿಡೋಣ" ಅಂತ ಒಳಗೆ ಹೋಗುತ್ತೇವೆ. ಮಕ್ಕಳು ನೆಲದ ಮೇಲೆ ಕೂರುತ್ತಾರೆ, ಅಜ್ಜಿ ಬೆಂಚು ಹುಡುಕುತ್ತಾರೆ, ಅಪ್ಪ ಗಡಿಯಾರ ನೋಡುತ್ತಾರೆ. ಆಮೇಲೆ ಮನೆಯಲ್ಲಿ "ಮ್ಯೂಸಿಯಂ ಅಂದ್ರೆ ಬೋರು" ಅನ್ನುವ ಮಾತು ಖಾಯಂ ಆಗಿಬಿಡುತ್ತದೆ.

ಮ್ಯೂಸಿಯಂಗೆ ಒಂದು ದಿನವನ್ನು ಬೇರೆ ಇಟ್ಟರೆ, ಅದರಲ್ಲೂ ಕಡಿಮೆ ನೋಡಿದರೆ, ಈ ಮಾತು ಬರುವುದಿಲ್ಲ. ಒಂದು ದಿನಕ್ಕೆ ಒಂದೇ ಮ್ಯೂಸಿಯಂ, ಒಂದು ಮ್ಯೂಸಿಯಂನಲ್ಲಿ ಹತ್ತು ಹನ್ನೆರಡು ವಸ್ತು. ಅಷ್ಟೇ. ಉಳಿದ ಸಮಯ ಕೂರುವುದಕ್ಕೆ, ತಿನ್ನುವುದಕ್ಕೆ, ಮಾತಾಡುವುದಕ್ಕೆ. "ಟಿಕೆಟ್ ಕೊಟ್ಟಿದ್ದೀವಿ, ಎಲ್ಲಾ ನೋಡಬೇಕು" ಅನ್ನುವ ಹಠವನ್ನು ಮನೆಯಲ್ಲೇ ಬಿಟ್ಟು ಹೊರಡಿ.

ಹಂತ 1: ಬರುವವರನ್ನು ನೋಡಿ ಮ್ಯೂಸಿಯಂ ಆರಿಸಿ

ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವರು ಯಾರು, ಎಲ್ಲರಿಗಿಂತ ಹಿರಿಯರು ಯಾರು? ಇವರಿಬ್ಬರ ಕಾಲು ಎಷ್ಟು ಹೊತ್ತು ತಡೆಯುತ್ತದೋ ಅಷ್ಟೇ ನಿಮ್ಮ ದಿನ. ನಡುವಿನವರು ಹೇಗೋ ಹೊಂದಿಕೊಳ್ಳುತ್ತಾರೆ.

ಪುಟ್ಟ ಮಕ್ಕಳಿದ್ದರೆ ಬೈಕುಲಾದ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ ಒಳ್ಳೆಯದು. ಕಟ್ಟಡ ಚಿಕ್ಕದು, ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ, ಪಕ್ಕದಲ್ಲೇ ರಾಣಿ ಬಾಗ್ ಪ್ರಾಣಿ ಸಂಗ್ರಹಾಲಯ ಇದೆ. ಶಾಲೆಗೆ ಹೋಗುವ, ಕೈ ಸುಮ್ಮನಿರದ ಮಕ್ಕಳಿಗೆ ವರ್ಲಿಯ ನೆಹರೂ ಸೈನ್ಸ್ ಸೆಂಟರ್. ಊರಿನಿಂದ ಬಂದ ಹಿರಿಯರು, ಕಾಲೇಜು ಹುಡುಗರು, ಮಕ್ಕಳು ಎಲ್ಲ ಕಲೆತ ಗುಂಪಾದರೆ ಕಾಲಾ ಘೋಡಾದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ. 1998ರಲ್ಲಿ ಹೆಸರು ಬದಲಾದರೂ ಹಳೆಯ ಮುಂಬೈಕರರ ಬಾಯಲ್ಲಿ ಅದು ಇನ್ನೂ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. ಬಸ್ಸಿನಲ್ಲಿ ಬರೀ "ಮ್ಯೂಸಿಯಂ" ಅಂದರೂ ಕಂಡಕ್ಟರ್ ಅಲ್ಲಿಗೇ ಟಿಕೆಟ್ ಕೊಡುತ್ತಾರೆ.

ಗಾಂಧೀಜಿಯ ಬಗ್ಗೆ ಪಾಠ ಓದುತ್ತಿರುವ ಮಗು ಇದ್ದರೆ ಗಾಮ್‌ದೇವಿಯ ಮಣಿ ಭವನ. ಸಿನಿಮಾ ಹುಚ್ಚಿನ ಮನೆಯವರಿಗೆ ಪೆಡ್ಡರ್ ರೋಡಿನ ಭಾರತೀಯ ಸಿನಿಮಾ ಮ್ಯೂಸಿಯಂ. ಇವುಗಳ ಬಗ್ಗೆ ಮುಂದೆ ಹೇಳುತ್ತೇನೆ.

ಹಂತ 2: ವಾರದ ರಜೆ ತಿಳಿದುಕೊಳ್ಳಿ

ಬೈಕುಲಾದಲ್ಲಿ ಮ್ಯೂಸಿಯಂ, ರಾಣಿ ಬಾಗ್ ಎರಡಕ್ಕೂ ಬುಧವಾರ ರಜೆ. ಸಿನಿಮಾ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್ ಮತ್ತು ನೆಹರೂ ಪ್ಲಾನೆಟೇರಿಯಂ ಸೋಮವಾರ ಮುಚ್ಚಿರುತ್ತವೆ. ಕಾಲಾ ಘೋಡಾದ ದೊಡ್ಡ ಮ್ಯೂಸಿಯಂ ಸೋಮವಾರವೂ ತೆರೆದಿರುತ್ತದೆ. ಹಾಗಾಗಿ ಸೋಮವಾರ ಬಿಡುವಿರುವವರಿಗೆ ಅದೇ ಗಟ್ಟಿ. ರಾಷ್ಟ್ರೀಯ ಹಬ್ಬದ ದಿನಗಳಲ್ಲಿ, ಮೇ 1ರ ಮಹಾರಾಷ್ಟ್ರ ದಿನದಂದು ಎಲ್ಲೇ ಹೋಗುವುದಿದ್ದರೂ ಮೊದಲು ಫೋನ್ ಮಾಡಿ. ಟಿಕೆಟ್ ದರವನ್ನು ಇಲ್ಲಿ ಬರೆಯುತ್ತಿಲ್ಲ, ಅದು ಬದಲಾಗುತ್ತಲೇ ಇರುತ್ತದೆ. ಮ್ಯೂಸಿಯಂನವರದೇ ವೆಬ್‌ಸೈಟಿನಲ್ಲಿ ಹಿಂದಿನ ರಾತ್ರಿ ನೋಡಿಕೊಂಡರೆ ಸಾಕು.

ಯಾವ ದಿನ ಒಳ್ಳೆಯದು? ನನ್ನನ್ನು ಕೇಳಿದರೆ ಶನಿವಾರ ಬೆಳಗ್ಗೆ. ಭಾನುವಾರ ಜನ ಜಾಸ್ತಿ, ಅದರ ಜೊತೆಗೆ ರೈಲು ಹಳಿ ರಿಪೇರಿಯ ಮೆಗಾ ಬ್ಲಾಕ್. ವಾರದ ದಿನಗಳಲ್ಲಿ, ಅದರಲ್ಲೂ ನವೆಂಬರ್‌ನಿಂದ ಜನವರಿಯವರೆಗೆ, ಶಾಲಾ ಪ್ರವಾಸದ ಬಸ್ಸುಗಳು ಬಂದಿರುತ್ತವೆ. ಒಂದೇ ಸಲ ನೂರಾರು ಮಕ್ಕಳು ಒಳಗೆ ನುಗ್ಗಿದರೆ ನಿಮ್ಮ ಅಜ್ಜಿಗೆ ನಿಲ್ಲಲೂ ಜಾಗ ಇರುವುದಿಲ್ಲ.

ಮಳೆಗಾಲದ ಬಗ್ಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈಯಲ್ಲಿ ಹೊರಗೆ ಸುತ್ತುವುದು ಕಷ್ಟ. ಆಗ ಮ್ಯೂಸಿಯಂ ನಿಜಕ್ಕೂ ಒಳ್ಳೆಯ ಆಯ್ಕೆ, ಜನವೂ ಕಡಿಮೆ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ ಮಾತ್ರ ಬೇಡ. ಮ್ಯೂಸಿಯಂ ಒಳಗೆ ಚೆನ್ನಾಗಿಯೇ ಇರುತ್ತೀರಿ, ವಾಪಸ್ ಬರುವಾಗ ಸಾಯನ್ ಅಥವಾ ಕುರ್ಲಾದಲ್ಲಿ ಹಳಿ ಮೇಲೆ ನೀರು ನಿಂತರೆ ಗತಿಯೇನು?

ಹಂತ 3: ದಾರಿ ಗೊತ್ತು ಮಾಡಿಕೊಳ್ಳಿ

ಮೊದಲ ಕೆಲಸ, ಶನಿವಾರ ಸಂಜೆಯೇ ಮೆಗಾ ಬ್ಲಾಕ್ ಎಲ್ಲಿದೆ ಅಂತ ನೋಡುವುದು. ಭಾನುವಾರ ಸೆಂಟ್ರಲ್, ಹಾರ್ಬರ್ ಲೈನ್‌ಗಳಲ್ಲಿ ಹಳಿ ರಿಪೇರಿಗೆಂದು ಹೊತ್ತು ಏರಿದ ಮೇಲೆ ಕೆಲವು ಗಂಟೆ ಗಾಡಿಗಳು ಕಡಿಮೆ ಆಗುತ್ತವೆ, ಫಾಸ್ಟ್ ಗಾಡಿಗಳು ಸ್ಲೋ ಹಳಿಗೆ ಬರುತ್ತವೆ. ವೆಸ್ಟರ್ನ್‌ನಲ್ಲೂ ಒಮ್ಮೊಮ್ಮೆ ಬ್ಲಾಕ್ ಇರುತ್ತದೆ. ಭಾನುವಾರವೇ ಹೋಗುವುದಾದರೆ ಒಂಬತ್ತರ ಒಳಗೆ ಗಾಡಿ ಹತ್ತಿ, ಸಂಜೆ ಬ್ಲಾಕ್ ಮುಗಿದ ಮೇಲೆ ವಾಪಸ್ ಬನ್ನಿ.

ಸಿಎಸ್‌ಎಂಟಿಯಲ್ಲಿ, ಅಂದರೆ ಹಳೆಯ ವಿ.ಟಿ. ಸ್ಟೇಷನ್ನಿನಲ್ಲಿ, ಇಳಿದರೆ ಕಾಲಾ ಘೋಡಾ ನಡೆಯುವ ದೂರವೇ. ಡಿ.ಎನ್. ರೋಡಿನ ಕಮಾನುಗಳ ನೆರಳಲ್ಲಿ, ಹುತಾತ್ಮ ಚೌಕ ದಾಟಿ ಹೋಗಬಹುದು. ಹಿರಿಯರಿದ್ದರೆ ನಡೆಸಬೇಡಿ, ಕಾಲಿ-ಪೀಲಿ ಮೀಟರ್ ಟ್ಯಾಕ್ಸಿ ಹಿಡಿಯಿರಿ. ಅಲ್ಲಿ ಕಾಲು ಸವೆಸಿದರೆ ಒಳಗೆ ನಡೆಯಲು ಶಕ್ತಿ ಉಳಿಯುವುದಿಲ್ಲ. ಊರಿನವರು "ಆಟೋ ಹಿಡಿಯೋಣ" ಅನ್ನುತ್ತಾರೆ. ದಕ್ಷಿಣ ಮುಂಬೈಗೆ ರಿಕ್ಷಾ ಬರುವುದಿಲ್ಲ, ಬಾಂದ್ರಾ ಮತ್ತು ಸಾಯನ್‌ನಲ್ಲೇ ಅದರ ಗಡಿ ಮುಗಿಯುತ್ತದೆ ಅಂತ ಮೊದಲೇ ಹೇಳಿಬಿಡಿ.

2025ರ ಅಕ್ಟೋಬರ್‌ನಿಂದ ಇನ್ನೊಂದು ಅನುಕೂಲ ಆಗಿದೆ. ನೆಲದಡಿಯ ಮೆಟ್ರೋ 3, ಅಂದರೆ ಅಕ್ವಾ ಲೈನ್, ಕಫ್ ಪರೇಡ್‌ವರೆಗೆ ಓಡುತ್ತಿದೆ. ಅಂಧೇರಿ ಕಡೆಯವರಿಗೆ ಇದು ದೊಡ್ಡ ನೆಮ್ಮದಿ. ಕಾಲಾ ಘೋಡಾಕ್ಕೆ ಹುತಾತ್ಮ ಚೌಕ್ ಸ್ಟೇಷನ್ ಹತ್ತಿರ, ಮಣಿ ಭವನಕ್ಕೆ ಗ್ರ್ಯಾಂಟ್ ರೋಡ್. ವರ್ಲಿಗೆ ಹೋಗುವವರಿಗೆ ಸೈನ್ಸ್ ಸೆಂಟರ್ ಅನ್ನುವ ಹೆಸರಿನ ಸ್ಟೇಷನ್ನೇ ಇದೆ. ಲಿಫ್ಟ್, ಎಸ್ಕಲೇಟರ್ ಇರುವುದರಿಂದ ಮಂಡಿ ನೋವಿನವರಿಗೆ ಲೋಕಲ್‌ನ ಸೇತುವೆ ಹತ್ತಿಳಿಯುವ ಪಾಡು ತಪ್ಪುತ್ತದೆ.

ಲೋಕಲ್‌ನಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, ಐದರಿಂದ ಹನ್ನೆರಡರವರೆಗೆ ಅರ್ಧ. ಎಲ್ಲರಿಗೂ ರಿಟರ್ನ್ ಟಿಕೆಟ್ ತೆಗೆದುಬಿಡಿ. ಸಂಜೆ ಸಿಎಸ್‌ಎಂಟಿ ಕೌಂಟರ್‌ನ ಸಾಲಿನಲ್ಲಿ ಮಲಗಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಲ್ಲುವುದು ಯಾರಿಗೂ ಬೇಡ.

ಹಂತ 4: ಹಿಂದಿನ ರಾತ್ರಿಯ ತಯಾರಿ

ಬ್ಯಾಗು ಚಿಕ್ಕದಿರಲಿ. ದೊಡ್ಡ ಬ್ಯಾಗು, ತಿಂಡಿ, ನೀರು ಇವನ್ನು ಗ್ಯಾಲರಿಯೊಳಗೆ ಒಯ್ಯಲು ಬಿಡುವುದಿಲ್ಲ. ಕೌಂಟರಿನಲ್ಲಿ ಇಟ್ಟು ಟೋಕನ್ ತೆಗೆದುಕೊಳ್ಳಬೇಕಾಗುತ್ತದೆ. ಅಜ್ಜ ಅಜ್ಜಿಯರ ಮಾತ್ರೆ, ಕನ್ನಡಕ, ಮೊಬೈಲು, ಒಂದು ಸಣ್ಣ ನೋಟ್‌ಬುಕ್, ಪೆನ್ಸಿಲ್ ಸಾಕು. ಪೆನ್ಸಿಲ್ ಮರೆಯಬೇಡಿ, ಅದರ ಕೆಲಸ ಮುಂದಿದೆ. ಚಪ್ಪಲಿಯ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಿ. ಊರಿನಿಂದ ಬಂದವರು "ಮುಂಬೈ ನೋಡೋಕೆ" ಅಂತ ಹೊಸ ಚಪ್ಪಲಿ ಹಾಕಿಕೊಂಡಿರುತ್ತಾರೆ. ಹಳೆಯದೇ ಹಾಕಿಸಿ.

ರಾತ್ರಿ ಊಟದ ಹೊತ್ತಿಗೆ ಮಕ್ಕಳಿಗೆ ಒಂದು ಕಥೆ ಹೇಳಿಟ್ಟರೆ ಅರ್ಧ ಕೆಲಸ ಆದ ಹಾಗೆ. ಪಾಠ ಬೇಡ, ಒಂದೇ ಕಥೆ. ಬೈಕುಲಾಕ್ಕೆ ಹೋಗುವುದಾದರೆ ಒಡೆದ ಕಲ್ಲಾನೆಯ ಕಥೆ, ಕಾಲಾ ಘೋಡಾಕ್ಕೆ ಹೋಗುವುದಾದರೆ ಕಳೆದುಹೋದ ಕುದುರೆಯ ಕಥೆ. ಎರಡೂ ಕೆಳಗೆ ಇವೆ. ಮಾರನೇ ದಿನ ಮಗು ಆ ಆನೆಯನ್ನೋ ಕುದುರೆಯನ್ನೋ ತಾನೇ ಹುಡುಕುತ್ತದೆ. ನೀವು ಎಳೆದುಕೊಂಡು ಹೋಗಬೇಕಾಗಿಲ್ಲ.

ಹಂತ 5: ಕಾಲಾ ಘೋಡಾದ ಮ್ಯೂಸಿಯಂ ಒಳಗೆ

ಮ್ಯೂಸಿಯಂ ತೆರೆಯುವುದು 10.15ಕ್ಕೆ. ಆ ಹೊತ್ತಿಗೇ ಗೇಟಿನಲ್ಲಿರಿ. ಟಿಕೆಟ್ ತೆಗೆದ ತಕ್ಷಣ ಕಟ್ಟಡದೊಳಗೆ ಓಡಬೇಡಿ. ತೋಟದಲ್ಲಿ ನಿಂತು ತಲೆ ಎತ್ತಿ ಗುಮ್ಮಟ ನೋಡಿ.

ವಾಸ್ತುಶಿಲ್ಪಿ ಜಾರ್ಜ್ ವಿಟೆಟ್ ಈ ಗುಮ್ಮಟಕ್ಕೆ ಮಾದರಿ ಹುಡುಕಿದ್ದು ನಮ್ಮ ವಿಜಯಪುರದಲ್ಲಿ. 1656ರ ಹೊತ್ತಿಗೆ ಮುಗಿದ ಮುಹಮ್ಮದ್ ಆದಿಲ್ ಶಾಹನ ಗೋಳಗುಮ್ಮಟವೇ ಇದಕ್ಕೆ ಸ್ಫೂರ್ತಿ. ಊರಿನಿಂದ ಬಂದ ಉತ್ತರ ಕರ್ನಾಟಕದ ಹಿರಿಯರಿಗೆ ಇದನ್ನು ಹೇಳಿ ನೋಡಿ, ಅವರ ನಡಿಗೆಯೇ ಬದಲಾಗುತ್ತದೆ. ಗೇಟ್‌ವೇ ಆಫ್ ಇಂಡಿಯಾದ ನಕ್ಷೆ ಮಾಡಿದ್ದೂ ಇದೇ ವಿಟೆಟ್. ಗೋಡೆಯ ಬೂದು ಕಲ್ಲು ಕುರ್ಲಾದ್ದು, ಹಳದಿ ಛಾಯೆಯದು ಮಲಾಡಿನದು. ಮಲಾಡಿನಲ್ಲಿ ಮನೆ ಇರುವವರಿಗೆ ಅಲ್ಲಿ ಒಂದು ಕಾಲದಲ್ಲಿ ಕಲ್ಲು ಗಣಿ ಇತ್ತೆಂದು ಗೊತ್ತಾಗುವುದೂ ಒಂದು ಮಜಾ, ಅಲ್ವಾ? ಕಟ್ಟಡದ ಶಂಕುಸ್ಥಾಪನೆ ಆದದ್ದು 1905ರ ನವೆಂಬರ್ 11ರಂದು, ಮುಗಿದದ್ದು 1914ರಲ್ಲಿ. ಆಗ ಮೊದಲ ಮಹಾಯುದ್ಧ ಶುರುವಾಗಿತ್ತು. ಕಟ್ಟಡವನ್ನು ಆಸ್ಪತ್ರೆ ಮಾಡಿಕೊಂಡರು. ಮ್ಯೂಸಿಯಂ ಆಗಿ ಬಾಗಿಲು ತೆರೆದದ್ದು 1922ರ ಜನವರಿ 10ಕ್ಕೆ.

ಒಳಗೆ ಹೋದ ಮೇಲೆ ಗುಮ್ಮಟದ ಕೆಳಗಿನ ನಡು ಹಜಾರದಲ್ಲಿ ಎಲ್ಲರೂ ಒಟ್ಟಾಗಿ ನಿಂತು ಒಂದು ಒಪ್ಪಂದ ಮಾಡಿಕೊಳ್ಳಿ: ಯಾರಾದರೂ ತಪ್ಪಿಸಿಕೊಂಡರೆ ಇಲ್ಲಿಗೇ ಬರಬೇಕು. ಫೋನಿಗಿಂತ ಇದು ನಂಬಿಕೆಯದು.

ಮೊದಲು ಶಿಲ್ಪಗಳ ಗ್ಯಾಲರಿಗೆ ಹೋಗಿ. ಇದು ನೆಲಮಹಡಿಯಲ್ಲೇ ಇದೆ, ಬೆಳಗಿನ ಹೊತ್ತು ಎಲ್ಲರ ಕಾಲೂ ತಾಜಾ ಇರುತ್ತದೆ. ಇಲ್ಲಿ ಕನ್ನಡಿಗರು ತಪ್ಪದೆ ನಿಲ್ಲಬೇಕಾದ ಜಾಗ ಐಹೊಳೆಯ ಕಲ್ಲುಗಳ ಮುಂದೆ. ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ ಹುಚ್ಚಪ್ಪಯ್ಯನ ಗುಡಿ ಇದೆ. ಅದರ ಚಾವಣಿಯಲ್ಲಿದ್ದ ಬ್ರಹ್ಮನ ಚಪ್ಪಡಿ ಈಗ ಇಲ್ಲಿದೆ. ಏಳನೇ ಶತಮಾನದ್ದು, ಬಾದಾಮಿ ಚಾಲುಕ್ಯರ ಕಾಲದ್ದು. ಐಹೊಳೆಗೆ ಹೋದವರು ಆ ಗುಡಿಯ ಚಾವಣಿ ನೋಡಿ ಬಂದಿರುತ್ತಾರೆ. ಅಲ್ಲಿ ಇಲ್ಲದ್ದು ಇಲ್ಲಿದೆ.

ಬಾಗಲಕೋಟೆ ಕಡೆಯ ನಮ್ಮ ಅತ್ತೆ ಇದರ ಮುಂದೆ ನಿಂತು, "ಅಯ್ಯ, ಇವು ನಮ್ಮ ಐಹೊಳಿ ಕಲ್ಲೇನ? ಇಲ್ಲಿಗ್ಯಾಕ ಬಂದಾವ?" ಅಂದರು. ಮುಂಬೈಯಲ್ಲೇ ಹುಟ್ಟಿದ ಮೊಮ್ಮಗ, "ನಿಮ್ಮ ಹಾಗೇ ಬಂದಿವೆ ಅಜ್ಜಿ, ರಿಟರ್ನ್ ಟಿಕೆಟ್ ಮಾತ್ರ ತೆಗೆದಿಲ್ಲ" ಅಂದ. ಅತ್ತೆ ನಕ್ಕರು, ಆದರೆ ಅಲ್ಲಿಂದ ಬೇಗ ಕದಲಲಿಲ್ಲ. ಚಾವಣಿಯಲ್ಲಿದ್ದಾಗ ಕತ್ತು ನೋಯುವಷ್ಟು ಮೇಲಿದ್ದದ್ದು ಇಲ್ಲಿ ಕಣ್ಣಿನ ಎತ್ತರಕ್ಕೆ ಬಂದಿದೆ. ಕಲ್ಲಿನ ಮಡಿಕೆ, ಮುಖದ ಭಾವ ಎಲ್ಲ ಕಾಣಿಸುತ್ತದೆ. ಜೊತೆಗೆ, ಗುಡಿಯಿಂದ ಕಳಚಿ ತಂದದ್ದು ಸರಿಯೇ ಅನ್ನುವ ಪ್ರಶ್ನೆಯೂ ಏಳುತ್ತದೆ. ದೊಡ್ಡ ಮಕ್ಕಳಿದ್ದರೆ ಈ ಪ್ರಶ್ನೆಯನ್ನು ಅವರ ಮುಂದೆಯೇ ಇಡಿ. ಉತ್ತರ ಹೇಳಲು ಹೋಗಬೇಡಿ, ಅವರೇ ಜಗಳ ಆಡಿಕೊಳ್ಳಲಿ.

ಇಲ್ಲೇ ನೋಟ್‌ಬುಕ್ ಪೆನ್ಸಿಲ್ ಹೊರಗೆ ತೆಗೆಯಿರಿ. ಪ್ರತಿ ಮಗುವೂ ಒಂದು ಮೂರ್ತಿ ಆರಿಸಿ ಅದರ ಯಾವುದಾದರೂ ಒಂದು ಭಾಗ ಬಿಡಿಸಲಿ. ಕಿವಿಯೋಲೆ, ಕಿರೀಟ, ವಾಹನ, ಏನಾದರೂ ಸರಿ. ಚಿತ್ರ ಚೆನ್ನಾಗಿ ಬರಬೇಕಾಗಿಲ್ಲ. ಬಿಡಿಸಲು ಹೊರಟ ಮಗು ಒಂದೇ ವಸ್ತುವನ್ನು ಐದು ನಿಮಿಷ ನೋಡುತ್ತದೆ. ಫೋಟೋ ತೆಗೆಯುವ ಮಗು ಐದು ಸೆಕೆಂಡೂ ನೋಡುವುದಿಲ್ಲ. ಮಗು ಕೂತು ಬಿಡಿಸುವಷ್ಟು ಹೊತ್ತು ಹಿರಿಯರಿಗೂ ವಿಶ್ರಾಂತಿ ಸಿಕ್ಕ ಹಾಗಾಗುತ್ತದೆ.

ಆಮೇಲೆ ಪ್ರಾಣಿ ಪಕ್ಷಿಗಳ ಗ್ಯಾಲರಿ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನೆರವಿನಿಂದ ಮಾಡಿದ್ದು. ಗಾಜಿನ ಹಿಂದೆ ಕಾಡಿನ ದೃಶ್ಯವನ್ನೇ ಕಟ್ಟಿ ನಿಲ್ಲಿಸಿದ್ದಾರೆ. ಚಿಕ್ಕ ಮಕ್ಕಳಿಗೆ ಇಡೀ ಮ್ಯೂಸಿಯಂನಲ್ಲಿ ಇದೇ ಇಷ್ಟವಾಗುವುದು. ಶಿಲ್ಪ ನೋಡಿ ಬಂದವರಿಗೆ ಇದನ್ನು ಬಹುಮಾನದ ಹಾಗೆ ಉಳಿಸಿಟ್ಟುಕೊಳ್ಳಿ. ಮೊದಲೇ ತೋರಿಸಿದರೆ ಉಳಿದದ್ದಕ್ಕೆ ಅವರು ಬರುವುದಿಲ್ಲ.

ಈಗ ಹೊರಗೆ ಬನ್ನಿ. ಹೌದು, ನಡುವೆಯೇ. ಕಾಫಿ, ನೀರು, ಟಾಯ್ಲೆಟ್. ಇಪ್ಪತ್ತು ನಿಮಿಷ ತೋಟದ ನೆರಳಲ್ಲಿ ಕೂತು ಮತ್ತೆ ಒಳಗೆ ಹೋಗಿ. ಟಿಕೆಟ್ ಎಸೆದುಬಿಡಬೇಡಿ, ಮತ್ತೆ ಕೇಳುತ್ತಾರೆ.

ಮೇಲಿನ ಮಹಡಿಗಳಲ್ಲಿ ಎರಡೇ ಎರಡು ವಿಷಯ ಆರಿಸಿ. ಗುಂಪಿನಲ್ಲಿ ಹುಡುಗರಿದ್ದರೆ ಆಯುಧಗಳ ಗ್ಯಾಲರಿ. ಅಕ್ಬರನ ಎದೆಗವಚ ಮತ್ತು ಗುರಾಣಿ ಅಲ್ಲಿವೆ. ಚಿತ್ರದಲ್ಲಿ ಆಸಕ್ತಿ ಇದ್ದರೆ ಮಿನಿಯೇಚರ್, ಅಂದರೆ ಚಿಕಣಿ ಚಿತ್ರಗಳ ಗ್ಯಾಲರಿ. ಮೊಘಲ್, ರಾಜಸ್ಥಾನಿ, ಪಹಾಡಿ ಚಿತ್ರಗಳ ಜೊತೆ ದಖ್ಖನಿ ಶೈಲಿಯವೂ ಇವೆ. ಈ ಚಿತ್ರಗಳು ಪುಸ್ತಕದ ಹಾಳೆಯಷ್ಟೇ ದೊಡ್ಡವು, ಹತ್ತಿರ ಹೋಗಿ ನೋಡಬೇಕು. ಬೆಳಕು ಮಂದ ಇರುತ್ತದೆ, ಬಣ್ಣ ಮಾಸಬಾರದೆಂದು. "ಲೈಟ್ ಹಾಕೋಕೂ ದುಡ್ಡಿಲ್ವಾ ಇವರ ಹತ್ರ" ಅಂತ ಮಾವ ಗೊಣಗುವ ಮೊದಲೇ ಈ ಕಾರಣ ಹೇಳಿಬಿಡಿ. ಟಾಟಾ ಮನೆತನದವರು ಕೊಟ್ಟ ಚೀನಾ, ಜಪಾನ್ ವಸ್ತುಗಳು, ಯುರೋಪಿನ ಚಿತ್ರಗಳು ಕೂಡ ಮೇಲೆಯೇ ಇವೆ. ಅವನ್ನು ಇನ್ನೊಂದು ಸಲಕ್ಕೆ ಇಟ್ಟುಕೊಂಡರೆ ನಷ್ಟವೇನೂ ಇಲ್ಲ. ಸಿಂಧೂ ನಾಗರಿಕತೆಯ ವಸ್ತುಗಳನ್ನು ಮಾತ್ರ ಆರನೇ ತರಗತಿಯ ಆಸುಪಾಸಿನ ಮಗು ಇದ್ದರೆ ತೋರಿಸಿ. ಪಾಠದಲ್ಲಿ ಚಿತ್ರವಾಗಿ ನೋಡಿದ ಮುದ್ರೆ ಎಷ್ಟು ಚಿಕ್ಕದು ಅಂತ ಅದಕ್ಕೇ ಆಶ್ಚರ್ಯವಾಗುತ್ತದೆ.

ತೋಟದಲ್ಲೇ ಮಕ್ಕಳಿಗೆಂದು ಬೇರೆಯೇ ಚಿಲ್ಡ್ರನ್ಸ್ ಮ್ಯೂಸಿಯಂ 2019ರಿಂದ ಇದೆ. ಅಲ್ಲಿ ಏನು ನಡೆಯುತ್ತಿದೆ ಅಂತ ಟಿಕೆಟ್ ಕೌಂಟರಿನಲ್ಲೇ ಕೇಳಿ. ನಡೆಯಲು ಕಷ್ಟವಿರುವವರಿಗೆ ವೀಲ್‌ಚೇರ್ ಬೇಕೆಂದರೂ ಅಲ್ಲೇ ಕೇಳಬೇಕು, ನಾಚಿಕೆ ಬೇಡ. "ನನಗೇನು ಆಗಿದೆ, ನಾನು ನಡೀತೀನಿ" ಅನ್ನುವ ಅಜ್ಜಂದಿರಿಗೆ ಹೇಳುವ ಸುಲಭದ ಮಾತು: "ಅಜ್ಜ, ನೀವು ಕೂತ್ಕೊಳ್ಳಿ, ಬ್ಯಾಗು ನಿಮ್ಮ ತೊಡೆ ಮೇಲಿರಲಿ." ಕೆಲಸ ಕೊಟ್ಟರೆ ಒಪ್ಪುತ್ತಾರೆ.

ವಿವರಣೆಯ ಫಲಕಗಳು ಇಂಗ್ಲಿಷ್, ಮರಾಠಿಯಲ್ಲಿ ಇರುತ್ತವೆ. ಮುಂಬೈಯಲ್ಲಿ ಓದಿದ ನಮ್ಮ ಮಕ್ಕಳಿಗೆ ಎರಡೂ ಬರುತ್ತದೆ, ಊರಿನಿಂದ ಬಂದ ಅಜ್ಜಿಗೆ ಎರಡೂ ಬರುವುದಿಲ್ಲ. ಹಾಗಾಗಿ ಮಕ್ಕಳನ್ನೇ ಗೈಡ್ ಮಾಡಿ. "ಇದೇನಂತ ಅಜ್ಜಿಗೆ ಕನ್ನಡದಲ್ಲಿ ಹೇಳು" ಅಂದರೆ ಸಾಕು. ಅಜ್ಜಿ ಪ್ರತಿಯಾಗಿ ಆ ದೇವರ ಕಥೆ ಹೇಳುತ್ತಾರೆ. ಅದು ಯಾವ ಫಲಕದಲ್ಲೂ ಅಷ್ಟು ಚೆನ್ನಾಗಿ ಇರುವುದಿಲ್ಲ.

ಹಂತ 6: ಹೊರಬಂದು ಊಟ, ಮತ್ತು ಕುದುರೆಯ ಕಥೆ

ಮಧ್ಯಾಹ್ನ ಒಂದರೊಳಗೆ ಊಟಕ್ಕೆ ಹೊರಡಿ. ಫೋರ್ಟ್‌ನ ಒಳಗಲ್ಲಿಗಳಲ್ಲಿ ಉಡುಪಿ ಹೋಟೆಲುಗಳಿವೆ, ರೈಸ್ ಪ್ಲೇಟ್ ಸಿಗುತ್ತದೆ. ಶನಿವಾರ ಆಫೀಸಿನವರ ಗಲಾಟೆಯೂ ಕಡಿಮೆ. ಕಾಲಾ ಘೋಡಾದ ಕೆಫೆಗಳು ಚೆಂದವಾಗಿವೆ, ಆದರೆ ಎಂಟು ಜನರ ಬಿಲ್ಲು ನೋಡಿದ ಮೇಲೆ ಮಾವನವರ ಮುಖ ಚೆಂದವಾಗಿ ಉಳಿಯುವುದಿಲ್ಲ.

ಊಟಕ್ಕೆ ನಡೆಯುವಾಗ ರಾತ್ರಿ ಹೇಳಿದ ಕುದುರೆಯ ಕಥೆ ನೆನಪಿಸಿ. ಇಲ್ಲಿ ಒಂದು ಕಾಲದಲ್ಲಿ ಏಳನೇ ಎಡ್ವರ್ಡ್ ಕುದುರೆ ಮೇಲೆ ಕೂತ ಕಪ್ಪು ಪ್ರತಿಮೆ ಇತ್ತು. ಜನ ರಾಜನನ್ನು ಬಿಟ್ಟು ಕುದುರೆಯನ್ನೇ ನೆನಪಿಟ್ಟುಕೊಂಡರು, ಇಡೀ ಪ್ರದೇಶವೇ ಕಾಲಾ ಘೋಡಾ ಆಯಿತು. 1965ರಲ್ಲಿ ಪ್ರತಿಮೆಯನ್ನು ಇಲ್ಲಿಂದ ತೆಗೆದರು. ಹೆಸರು ಮಾತ್ರ ಉಳಿಯಿತು. 2017ರಲ್ಲಿ ಹೊಸ ಕುದುರೆ ನಿಲ್ಲಿಸಿದ್ದಾರೆ, ಅದರ ಬೆನ್ನ ಮೇಲೆ ಯಾರೂ ಇಲ್ಲ. ಹಾಗಾದರೆ ಹಳೆಯ ಕುದುರೆ ಎಲ್ಲಿ ಹೋಯಿತು? ಉತ್ತರ ಬೈಕುಲಾದಲ್ಲಿದೆ. ಮಕ್ಕಳಿಗೆ ಈಗಲೇ ಹೇಳಬೇಡಿ, ಮುಂದಿನ ಮ್ಯೂಸಿಯಂಗೆ ಅವರೇ ಹೊರಡಿಸುತ್ತಾರೆ.

ಊಟದ ಮೇಲೂ ಉತ್ಸಾಹ ಉಳಿದವರು ಜಹಾಂಗೀರ್ ಆರ್ಟ್ ಗ್ಯಾಲರಿಗೆ ಹತ್ತು ನಿಮಿಷ ಇಣುಕಬಹುದು. 1952ರಿಂದ ಇದೆ, ಪ್ರವೇಶಕ್ಕೆ ದುಡ್ಡಿಲ್ಲ. ಎದುರಿಗೆ ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ ಮುಂಬೈಯಲ್ಲೇ ನೆಲೆಸಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ಹೆಸರು ಮಕ್ಕಳಿಗೆ ಹೇಳಲು ಇದು ತಕ್ಕ ಜಾಗ. ಅಲ್ಲಿ ಪ್ರದರ್ಶನಗಳು ಬದಲಾಗುತ್ತಿರುತ್ತವೆ, ಹಾಗಾಗಿ ಅವರದೇ ಚಿತ್ರ ಕಾಣಬಹುದೆಂಬ ಆಸೆ ಇಟ್ಟುಕೊಂಡು ಹೋಗಬೇಡಿ.

ಹಂತ 7: ಬೈಕುಲಾದ ದಿನ

ಇದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ. ಸೆಂಟ್ರಲ್ ಲೈನಿನ ಬೈಕುಲಾದಲ್ಲಿ ಪೂರ್ವಕ್ಕೆ ಇಳಿದರೆ ರಾಣಿ ಬಾಗ್ ಹತ್ತಿರವೇ. ಭಾವು ದಾಜಿ ಲಾಡ್ ಮ್ಯೂಸಿಯಂ ಮುಂಬೈಯ ಅತ್ಯಂತ ಹಳೆಯ ಮ್ಯೂಸಿಯಂ. 1872ರಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಅನ್ನುವ ಹೆಸರಲ್ಲಿ ತೆರೆಯಿತು. ಅದಕ್ಕಾಗಿ ಹಣ ಕೂಡಿಸಲು ಓಡಾಡಿದ ವೈದ್ಯ ಭಾವು ದಾಜಿಯವರ ಹೆಸರು ಬಂದದ್ದು 1975ರಲ್ಲಿ. ಅವರು ರೋಗಿಗಳನ್ನು ನೋಡುವುದರ ಜೊತೆಗೆ ಹಳೆಯ ಶಾಸನಗಳನ್ನೂ ಓದುತ್ತಿದ್ದರು. ಒಳಗಿನ ಕಬ್ಬಿಣದ ಕಂಬಗಳು, ನೆಲದ ಹಂಚು, ಚಿನ್ನದ ಬಣ್ಣದ ಚಾವಣಿ ಎಲ್ಲವನ್ನೂ ವರ್ಷಗಟ್ಟಲೆ ದುರಸ್ತಿ ಮಾಡಿ 2008ರ ಹೊತ್ತಿಗೆ ಮತ್ತೆ ಜನರಿಗೆ ತೆರೆದರು. ಆ ದುರಸ್ತಿಗೆ 2005ರಲ್ಲಿ ಯುನೆಸ್ಕೋ ಪ್ರಶಸ್ತಿ ಬಂದಿದೆ.

ಮೊದಲು ಹೊರಗೆ ನಿಂತ ಕಲ್ಲಾನೆ ನೋಡಿ. ಘಾರಾಪುರಿ ದ್ವೀಪಕ್ಕೆ ಪೋರ್ಚುಗೀಸರು ಎಲಿಫೆಂಟಾ ಅಂತ ಹೆಸರಿಟ್ಟದ್ದು ಈ ಆನೆಯಿಂದಲೇ. 1864ರಲ್ಲಿ ಬ್ರಿಟಿಷರು ಇದನ್ನು ಇಂಗ್ಲೆಂಡಿಗೆ ಸಾಗಿಸಲು ಹೋದರು. ಎತ್ತುವಾಗ ಬಿದ್ದು ಚೂರಾಯಿತು. ಚೂರುಗಳು ಮುಂಬೈಯಲ್ಲೇ ಉಳಿದವು, ಆಮೇಲೆ ಜೋಡಿಸಿ ನಿಲ್ಲಿಸಿದರು. ಜೋಡಿಸಿದ ಗೆರೆ ಎಲ್ಲೆಲ್ಲಿ ಕಾಣುತ್ತದೆ ಅಂತ ಮಕ್ಕಳು ಹುಡುಕಲಿ. ಕಾಲಾ ಘೋಡಾದ ಹಳೆಯ ಕುದುರೆಯೂ, ಅದರ ಮೇಲಿನ ರಾಜನೂ ಇದೇ ಆವರಣದಲ್ಲಿ ಇದ್ದಾರೆ. ಇದನ್ನೂ ಅವರೇ ಕಂಡುಹಿಡಿಯಲಿ.

ಒಳಗೆ ಮಣ್ಣಿನ ಚಿಕ್ಕ ಬೊಂಬೆಗಳು ನನ್ನ ಮೆಚ್ಚಿನವು. ನೂರು ವರ್ಷದ ಹಿಂದಿನ ಮುಂಬೈಯಲ್ಲಿ ಯಾರು ಯಾವ ಪೇಟ ಸುತ್ತುತ್ತಿದ್ದರು, ಯಾವ ಕಸುಬು ಮಾಡುತ್ತಿದ್ದರು, ಯಾವ ಆಟ ಆಡುತ್ತಿದ್ದರು ಎಲ್ಲ ಬೊಂಬೆಯಲ್ಲಿದೆ. ಗಾಜಿನ ಎದುರು ಹಿರಿಯರನ್ನು ಕೂರಿಸಿದರೆ "ನಮ್ಮೂರಲ್ಲೂ ಹೀಗೇ ಇತ್ತು" ಅನ್ನುವುದು ಶುರುವಾಗುತ್ತದೆ, ನಿಲ್ಲುವುದೇ ಇಲ್ಲ. ನಿಲ್ಲಿಸಲೂ ಬೇಡಿ.

ರಾಣಿ ಬಾಗ್‌ಗೆ ಬೇರೆ ಟಿಕೆಟ್. ಪೆಂಗ್ವಿನ್‌ಗಳು ಇರುವುದು ಅಲ್ಲೇ. ಪೆಂಗ್ವಿನ್ ಮೊದಲು ತೋರಿಸಿದರೆ ಮ್ಯೂಸಿಯಂ ಕಥೆ ಮುಗಿಯಿತು, ಹಾಗಾಗಿ ಬೆಳಗ್ಗೆ ಮ್ಯೂಸಿಯಂ, ಆಮೇಲೆ ಪ್ರಾಣಿಗಳು. ಅಲ್ಲಿಂದ ಊಟಕ್ಕೆ ಸ್ಲೋ ಲೋಕಲ್ ಹತ್ತಿ ಮಾಟುಂಗಾಕ್ಕೆ ಹೋಗಿಬಿಡಿ. ಸ್ಟೇಷನ್ನಿನ ಪೂರ್ವಕ್ಕೆ ಬಾಳೆಎಲೆ ಊಟ, ಇಡ್ಲಿ, ಫಿಲ್ಟರ್ ಕಾಫಿ, ಜೊತೆಗೆ ಮಲ್ಲಿಗೆ ಹೂವು. ಊರಿನಿಂದ ಬಂದವರಿಗೆ ಮುಂಬೈಯ ಮೇಲೆ ಅಷ್ಟು ಹೊತ್ತಿಗೆ ಇದ್ದ ಮುನಿಸೆಲ್ಲ ಇಳಿಯುತ್ತದೆ.

ಹಂತ 8: ಉಳಿದವುಗಳನ್ನು ಹೀಗೆ ಹೊಂದಿಸಿಕೊಳ್ಳಿ

ಮಣಿ ಭವನದಲ್ಲಿ ಗಾಂಧೀಜಿ 1917ರಿಂದ 1934ರವರೆಗೆ ಮುಂಬೈಗೆ ಬಂದಾಗ ಉಳಿಯುತ್ತಿದ್ದರು. 1932ರ ಜನವರಿ 4ರ ನಸುಕಿನಲ್ಲಿ ಪೊಲೀಸರು ಅವರನ್ನು ಹಿಡಿದದ್ದು ಈ ಮನೆಯಲ್ಲೇ. ಅವರ ಕೋಣೆ, ಚರಕ, ಬೊಂಬೆಗಳಲ್ಲಿ ಕಟ್ಟಿದ ಅವರ ಬದುಕಿನ ಕಥೆ, 1939ರಲ್ಲಿ ಹಿಟ್ಲರನಿಗೆ ಬರೆದ ಪತ್ರದ ಪ್ರತಿ ಇವೆ. ಒಂದು, ಒಂದೂಕಾಲು ಗಂಟೆ ಸಾಕು. ಮಹಡಿ ಮೆಟ್ಟಿಲು ಹತ್ತಬೇಕು, ಮಂಡಿ ನೋವಿನವರಿಗೆ ಮೊದಲೇ ಹೇಳಿ. ಇದು ಇವತ್ತಿಗೂ ಮನೆಯ ಹಾಗೇ ಇದೆ, ಜೋರು ಮಾತು ಬೇಡ.

ನೆಹರೂ ಸೈನ್ಸ್ ಸೆಂಟರ್‌ನಲ್ಲಿ ಎಲ್ಲವನ್ನೂ ಮುಟ್ಟಬಹುದು, ತಿರುಗಿಸಬಹುದು, ಒತ್ತಬಹುದು. 1985ರಿಂದ ಮುಂಬೈಯ ಮಕ್ಕಳು ಅದನ್ನೇ ಮಾಡುತ್ತಾ ಬಂದಿದ್ದಾರೆ. ಇಡೀ ದಿನ ಇಟ್ಟುಕೊಳ್ಳಿ, ಮಕ್ಕಳು ಹೊರಗೆ ಬರುವುದಿಲ್ಲ. ಟ್ಯಾಕ್ಸಿಯವರಿಗೆ ಹೆಸರು ಪೂರ್ತಿ ಹೇಳಿ. ಬರೀ "ನೆಹರೂ" ಅಂದರೆ ಆನಿ ಬೆಸೆಂಟ್ ರೋಡಿನ ನೆಹರೂ ಪ್ಲಾನೆಟೇರಿಯಂ ಮುಂದೆ ಇಳಿಸಿಬಿಡುತ್ತಾರೆ. ಸೈನ್ಸ್ ಸೆಂಟರ್ ಇರುವುದು ಡಾ. ಇ. ಮೋಸೆಸ್ ರೋಡಿನಲ್ಲಿ. ಎರಡನ್ನೂ ಒಂದೇ ದಿನ ನೋಡುವ ಆಸೆ ಬೇಡ.

ಸಿನಿಮಾ ಮ್ಯೂಸಿಯಂ 2019ರಲ್ಲಿ ಶುರುವಾಯಿತು. ಹಳೆಯ ಬಂಗಲೆ ಗುಲ್ಶನ್ ಮಹಲ್ ಒಂದು, ಹೊಸ ಕಟ್ಟಡ ಇನ್ನೊಂದು. ಹಿರಿಯರು ಹಳೆಯ ಬಂಗಲೆಯಲ್ಲಿ ಹಳೆಯ ಕ್ಯಾಮೆರಾ ನೋಡುತ್ತಾ ನಿಲ್ಲುತ್ತಾರೆ, ಹುಡುಗರಿಗೆ ಹೊಸ ಕಟ್ಟಡ. ಬಸ್ಸು ಅಂದರೆ ಪ್ರಾಣ ಬಿಡುವ ಮಗು ಇದ್ದರೆ ಆಣಿಕ್ ಡಿಪೋದಲ್ಲಿರುವ, ಮುಂಬೈಯ ಸಿಟಿ ಬಸ್ ಸಂಸ್ಥೆ ಬೆಸ್ಟ್‌ನ ಮ್ಯೂಸಿಯಂ ನೆನಪಿಡಿ. 1964ರ ಮಾರ್ಚ್ 31ಕ್ಕೆ ಮುಂಬೈಯ ಕೊನೆಯ ಟ್ರಾಮ್ ಓಡಿತು, 2023ರ ಸೆಪ್ಟೆಂಬರ್‌ನಲ್ಲಿ ಹಳೆಯ ಕೆಂಪು ಡಬಲ್ ಡೆಕರ್ ಕೂಡ ಹೋಯಿತು. ಅವುಗಳ ಮಾದರಿ ನೋಡಲು ಇದೇ ಜಾಗ. ವಾರದಲ್ಲಿ ಎಲ್ಲ ದಿನ ತೆರೆದಿರುವುದಿಲ್ಲ, ವಿಚಾರಿಸಿಕೊಂಡೇ ಹೋಗಿ.

ಹಂತ 9: ಹೊರಡುವ ಹೊತ್ತು

ಮಗು ಮೂರನೇ ಸಲ "ಇನ್ನೆಷ್ಟಿದೆ?" ಅಂದಾಗ ಹೊರಡಿ. ಅದಕ್ಕೆ ಮೊದಲೇ ಹೊರಟರೆ ಇನ್ನೂ ಒಳ್ಳೆಯದು. ವಾರದ ದಿನವಾದರೆ ನಾಲ್ಕೂವರೆಯೊಳಗೆ ಸಿಎಸ್‌ಎಂಟಿ ಅಥವಾ ಚರ್ಚ್‌ಗೇಟ್‌ನಿಂದ ಗಾಡಿ ಹತ್ತಿರಬೇಕು. ಐದು ದಾಟಿತೋ, ಆಫೀಸು ಬಿಟ್ಟವರ ನಡುವೆ ಊರಿನ ಹಿರಿಯರನ್ನು ಹತ್ತಿಸುವುದು ಆಗದ ಮಾತು. ತಡವಾಗಿಯೇ ಹೋಯಿತೆಂದರೆ ಆ ಗರ್ದಿಯಲ್ಲಿ ನುಗ್ಗಬೇಡಿ. ಮರೀನ್ ಡ್ರೈವ್ ಕಟ್ಟೆ ಮೇಲೆ ಎಂಟರವರೆಗೆ ಕೂತಿರಿ, ಆಮೇಲೆ ಸ್ಲೋ ಗಾಡಿ ಹಿಡಿಯಿರಿ. ಫಾಸ್ಟ್ ಆದರೆ ಬೇಗ ತಲುಪುತ್ತೀರಿ ನಿಜ, ಆದರೆ ಸ್ಲೋನಲ್ಲಿ ಎಲ್ಲರಿಗೂ ಸೀಟು ಸಿಗುವ ಸಾಧ್ಯತೆ ಜಾಸ್ತಿ. ಚರ್ಚ್‌ಗೇಟ್, ಸಿಎಸ್‌ಎಂಟಿ ಎರಡೂ ಗಾಡಿ ಹೊರಡುವ ಸ್ಟೇಷನ್‌ಗಳು. ಬಂದು ನಿಂತ ಗಾಡಿ ತುಂಬಿದ್ದರೆ ಅದನ್ನು ಬಿಟ್ಟು ಮುಂದಿನದಕ್ಕೆ ಮೊದಲು ಹತ್ತಿ.